ಟೆಲಿಕಾಂ ಸರ್

2021ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಚಿಕ್ಕಪ್ಪ ನಮ್ಮ ಮನೆತನದ ವಾಟ್ಸ್ಆ್ಯಪ್ ಗುಂಪಿನಿಂದ ಹೊರಟುಹೋದರು. ಜಗಳವಾಡಲಿಲ್ಲ, ಬೈಯಲಿಲ್ಲ, ಅವರ ಹೆಸರಿನ ಪಕ್ಕದಲ್ಲಿ ‘ಲೆಫ್ಟ್’ ಎಂಬ ಬೂದುಬಣ್ಣದ ಒಂದು ಸಾಲು ಮೂಡಿತು, ಅಷ್ಟೆ. ಅದಕ್ಕೆ ಹತ್ತು ನಿಮಿಷ ಮುಂಚೆ ಅವರು ಹಾಕಿದ್ದ ವೀಡಿಯೊ ಒಂದರ ಕೆಳಗೆ ನಾನು ಅದು ಸುಳ್ಳೆಂದು ತೋರಿಸುವ ಮೂರು ಲಿಂಕ್‌ಗಳನ್ನು ಒಂದರ ಹಿಂದೊಂದು ಅಂಟಿಸಿ, ಅದೂ ಸಾಲದೆಂಬಂತೆ ಕಣ್ಣಲ್ಲಿ ನೀರು ಬರುವಷ್ಟು ನಗುವ ಆ ಹಳದಿ ಮುಖವನ್ನೂ ಇಟ್ಟಿದ್ದೆ. ತಮ್ಮಂದಿರು, ಅತ್ತೆಯ ಮಕ್ಕಳು ಎಲ್ಲರೂ ಸೇರಿ ಇನ್ನಷ್ಟು ಹಳದಿ ಮುಖಗಳನ್ನು ಸುರಿದರು. ಲಸಿಕೆಯ ಜೊತೆಯಲ್ಲಿ ಮೈಯೊಳಗೆ ಚಿಪ್ ಸೇರುತ್ತದೆ, ಆ ಚಿಪ್ 5ಜಿ ಟವರಿನೊಂದಿಗೆ ಮಾತಾಡುತ್ತದೆ ಎಂದು ಹೇಳುವ ವೀಡಿಯೊ ಅದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟೆಲಿಫೋನ್ ತಂತಿಗಳ ನಡುವೆಯೇ ಬದುಕಿದವರು ಇಂಥದ್ದನ್ನು ನಂಬುತ್ತಾರಲ್ಲ ಎಂಬುದೇ ನಮಗೆ ತಮಾಷೆಯಾಗಿತ್ತು.

ಅವರು ಅದನ್ನು ನಂಬಿದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಮೊದಮೊದಲು ನನ್ನ ಬಳಿ ಸಿದ್ಧ ಉತ್ತರವೊಂದಿತ್ತು: ವಯಸ್ಸಾಯಿತು, ಕೈಗೆ ಸ್ಮಾರ್ಟ್‌ಫೋನ್ ಬಂತು, ಕಂಡದ್ದನ್ನೆಲ್ಲ ನಂಬುತ್ತಾರೆ. ಈಗ ಆ ಉತ್ತರ ತಪ್ಪೆಂದು ತೋರುತ್ತದೆ. ಕಂಡದ್ದನ್ನೆಲ್ಲ ನಂಬುವವರು ಈ ಜಾಲದಲ್ಲಿ ಬಹಳ ದೂರ ಹೋಗುವುದಿಲ್ಲ. ಇವತ್ತು ಇದನ್ನು ನಂಬಿ, ನಾಳೆ ಇನ್ನೊಂದನ್ನು ನಂಬಿ, ನಾಡಿದ್ದು ಎರಡನ್ನೂ ಮರೆತಿರುತ್ತಾರೆ. ಆಳಕ್ಕೆ ಇಳಿಯುವವರು ಯಾವುದನ್ನೂ ಸುಲಭಕ್ಕೆ ಒಪ್ಪದ, ಕೈಹಾಕಿದ ಕೆಲಸವನ್ನು ಬುಡ ಮುಟ್ಟಿ ನೋಡದೆ ಬಿಡದ ಜನ. ಚಿಕ್ಕಪ್ಪ ಅಂಥವರು.

ಹಲ್ಲಿಯ ಮೊಟ್ಟೆ

ತೊಂಬತ್ತರ ದಶಕದಲ್ಲಿ ಅವರು ತಿಪಟೂರಿನಲ್ಲಿ ಟೆಲಿಫೋನ್ ಮೆಕ್ಯಾನಿಕ್ ಆಗಿದ್ದರು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ನನಗೆ ಅವರ ಸೈಕಲ್ಲಿನ ಹಿಂದಿನ ಸೀಟು ಕಾಯಂ. ಮನೆಗೊಂದು ಫೋನ್ ಬೇಕೆಂದು ಅರ್ಜಿ ಹಾಕಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಚರ್ಮದ ಚೀಲ ನೇತುಹಾಕಿಕೊಂಡ ಈ ಮನುಷ್ಯ ಬೀದಿಗೆ ಬಂದರೆ ‘ಟೆಲಿಫೋನ್ ಸಾರ್ ಬಂದ್ರು’ ಎಂದು ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬರುತ್ತಿದ್ದರು, ಕಾಫಿ ತರಿಸುತ್ತಿದ್ದರು. ನನಗೂ ಒಂದು ಲೋಟ ಸಿಗುತ್ತಿತ್ತು.

ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮಾರನೆಯ ದಿನ ಕೊಬ್ಬರಿ ಮಂಡಿಯೊಂದರ ಫೋನ್ ಸತ್ತುಹೋಗಿತ್ತು. ಅಂದು ಹರಾಜು ಬೇರೆ. ಮಂಡಿಯ ಸಾಹುಕಾರರು ಕೆಂಡವಾಗಿದ್ದರು. ಎದುರು ಮಂಡಿಯವನೇ ಆಳು ಇಟ್ಟು ತಂತಿ ಕೀಳಿಸಿದ್ದಾನೆ, ಹೋದ ವಾರ ಅವನ ಹುಡುಗ ಕಂಬದ ಹತ್ತಿರ ಸುಳಿದಾಡುತ್ತಿದ್ದದ್ದನ್ನು ಕಂಡವರಿದ್ದಾರೆ, ಹರಾಜಿನ ದಿನವೇ ಕೆಡಬೇಕೆಂದರೆ ಏನರ್ಥ ಎಂದು ಒಂದರ ಮೇಲೊಂದು ಸಾಕ್ಷಿ ಹೇಳಿದರು. ಒಂಬತ್ತು ವರ್ಷದ ನನಗಂತೂ ಎದುರು ಮಂಡಿಯವನು ಕಳ್ಳನೆಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ಚಿಕ್ಕಪ್ಪ ಮಾತಾಡಲಿಲ್ಲ. ಮಂಡಿಯೊಳಗಿನ ಫೋನಿನಿಂದ ಹಿಡಿದು ಗೋಡೆಯ ಮೇಲಿನ ತಂತಿಯನ್ನು ಬೆರಳಲ್ಲಿ ಸವರುತ್ತ ಹೊರಗೆ ಬಂದರು, ಬೀದಿ ದಾಟಿದರು, ಕಂಬ ಹತ್ತಿ, ಮನೆಮನೆಗೆ ತಂತಿ ಹಂಚುವ ಡಿಪಿ ಬಾಕ್ಸಿನ ಮುಚ್ಚಳ ತೆಗೆದರು. ಟೆಸ್ಟ್ ಫೋನಿನ ಎರಡು ಕ್ಲಿಪ್ಪುಗಳನ್ನು ಜೋಡಿಯಿಂದ ಜೋಡಿಗೆ ದಾಟಿಸುತ್ತ ಕಿವಿಗೊಟ್ಟು ಕೇಳಿದರು. ಆಮೇಲೆ ನಕ್ಕು, ಕೆಳಗಿದ್ದ ನನ್ನ ಅಂಗೈಗೆ ಏನನ್ನೋ ಇಳಿಸಿದರು: ಕಡಲೆಗಿಂತ ಸ್ವಲ್ಪ ದೊಡ್ಡದಾದ, ಬೆಳ್ಳಗಿನ ಎರಡು ಹಲ್ಲಿಯ ಮೊಟ್ಟೆ. ಅದರ ಹಿಂದೆ ತಂತಿಯ ತುದಿಗೆ ಹಸಿರು ಕಿಲುಬು ಕಟ್ಟಿತ್ತು, ಮಳೆಯ ನೀರು ಇಳಿದಿತ್ತು. ಕೆರೆದು, ಒರೆಸಿ, ಮತ್ತೆ ಬಿಗಿದರು. ಸಾಹುಕಾರರಿಗೆ ‘ಯಾರೂ ಕಿತ್ತಿಲ್ಲ ಸಾರ್, ಕಿಲುಬು’ ಎಂದಷ್ಟೇ ಹೇಳಿದರು. ಸೈಕಲ್ಲಿನ ಮೇಲೆ ವಾಪಸ್ ಬರುವಾಗ ನನಗೆ ಹೇಳಿದ್ದು: ‘ಯಾರೋ ಕಿತ್ತಿದ್ದಾರೆ ಅನ್ನೋದಕ್ಕೆ ಮುಂಚೆ ಕಿಲುಬು ನೋಡ್ಬೇಕಮ್ಮ. ನೂರಕ್ಕೆ ತೊಂಬತ್ತು ಕಿಲುಬೇ ಇರತ್ತೆ.’

ಸಾಹುಕಾರರಿಗೆ ಆ ಉತ್ತರ ಇಷ್ಟವಾಗಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಫೋನ್ ಸರಿಯಾದದ್ದಕ್ಕಿಂತ ಶತ್ರುವೊಬ್ಬ ಕೈತಪ್ಪಿ ಹೋದದ್ದೇ ಅವರ ಮುಖದಲ್ಲಿ ಹೆಚ್ಚು ಕಾಣುತ್ತಿತ್ತು.

ಖಾಲಿ ಬೆಳಗುಗಳು

ಬಿಎಸ್‌ಎನ್‌ಎಲ್‌ನ ಸ್ವಯಂನಿವೃತ್ತಿ ಯೋಜನೆಯಲ್ಲಿ 2020ರ ಜನವರಿ 31ರಂದು ದೇಶದಲ್ಲಿ ಒಂದೇ ದಿನ 78 ಸಾವಿರಕ್ಕೂ ಹೆಚ್ಚು ನೌಕರರು ಮನೆಗೆ ಬಂದರು. ಚಿಕ್ಕಪ್ಪ ಅವರಲ್ಲೊಬ್ಬರು. ಖುಷಿಯಿಂದಲೇ ಅರ್ಜಿ ಕೊಟ್ಟಿದ್ದರು. ಕಾಶಿಗೆ ಹೋಗಬೇಕು, ತೋಟಕ್ಕೆ ಹನಿ ನೀರಾವರಿ ಮಾಡಿಸಬೇಕು ಎಂದೆಲ್ಲ ಲೆಕ್ಕ ಹಾಕಿದ್ದರು. ಎರಡು ತಿಂಗಳು ತುಂಬುವುದರೊಳಗೆ ದೇಶಕ್ಕೆ ಬೀಗ ಬಿತ್ತು. ಮಗ ಹೈದರಾಬಾದಿನಲ್ಲಿ, ಮಗಳು ಪುಣೆಯಲ್ಲಿ, ತೋಟಕ್ಕೆ ಹೋದರೆ ಪೊಲೀಸರ ಲಾಠಿ. ಐದು ಗಂಟೆಗೆ ಎದ್ದೇಳುವ ಅಭ್ಯಾಸದ ಮೈ, ಎದ್ದ ಮೇಲೆ ಹೋಗಲು ಜಾಗವಿಲ್ಲ. ಯೂಟ್ಯೂಬ್ ಅವರ ಮನೆಗೆ ಬಂದದ್ದು ಆಗ: ಮೊದಲು ಕಷಾಯ, ಪ್ರಾಣಾಯಾಮ; ಅಲ್ಲಿಂದ ಕಷಾಯವನ್ನು ಆಸ್ಪತ್ರೆಗಳು ಏಕೆ ಹೇಳಿಕೊಡುವುದಿಲ್ಲ ಎಂಬ ಪ್ರಶ್ನೆ; ಅಲ್ಲಿಂದ ಆಸ್ಪತ್ರೆಗಳ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆ. ಒಂದು ವೀಡಿಯೊ ಮುಗಿಯುವ ಮೊದಲೇ ಮುಂದಿನದು ಬಾಗಿಲ ಬಳಿ ಬಂದು ನಿಂತಿರುತ್ತದೆ.

ಎರಡನೆಯ ಅಲೆಯ ಹೊತ್ತಿಗೆ ಒಂದು ಧ್ವನಿಸಂದೇಶ ದೇಶವೆಲ್ಲ ಹರಿದಾಡಿತು. ಸಾಯುತ್ತಿರುವವರು ವೈರಸ್ಸಿನಿಂದ ಸಾಯುತ್ತಿಲ್ಲ, 5ಜಿ ಪರೀಕ್ಷೆಯ ವಿಕಿರಣದಿಂದ. ಗಂಟಲು ಒಣಗುವುದು, ಮನೆಯಲ್ಲಿ ಎಲ್ಲಿ ಮುಟ್ಟಿದರೂ ಸಣ್ಣಗೆ ಕರೆಂಟ್ ಹೊಡೆದಂತಾಗುವುದು ಅದರ ಗುರುತು ಎಂದು. 2021ರ ಮೇ ಮೊದಲ ವಾರದಲ್ಲಿ ದಿನಕ್ಕೆ ನಾಲ್ಕು ಲಕ್ಷ ದಾಟಿ ಸೋಂಕು ವರದಿಯಾಗುತ್ತಿದ್ದಾಗ ನಮ್ಮಲ್ಲಿ 5ಜಿ ಸೇವೆಯೇ ಇರಲಿಲ್ಲ. ಪ್ರಯೋಗಕ್ಕೆ ಅನುಮತಿ ಸಿಕ್ಕಿದ್ದೇ ಆ ವಾರ, ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಇಲ್ಲದ ವಸ್ತು ಕೊಲ್ಲುತ್ತಿದೆ ಎಂದು ಜನ ನಂಬಿದರು. ಹರಿಯಾಣದಂಥ ಕಡೆ ಟವರ್‌ಗಳಿಗೆ ರಕ್ಷಣೆ ಕೊಡಿರೆಂದು ಸರ್ಕಾರ ಆದೇಶ ಹೊರಡಿಸಬೇಕಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 2020ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನಲ್ಲಿ ಜನ ಹತ್ತಾರು ಟವರ್‌ಗಳಿಗೆ ಬೆಂಕಿಯನ್ನೇ ಇಟ್ಟಿದ್ದರು.

ಇತ್ತೀಚೆಗೆ ಹಳೆಯ ಫೋನಿನಿಂದ ಹೊಸದಕ್ಕೆ ಸಂದೇಶಗಳನ್ನು ವರ್ಗಾಯಿಸುವಾಗ, ಅಮ್ಮನ ಒಂದು ಫೋಟೊ ಹುಡುಕುತ್ತ ನಾನು ಚಿಕ್ಕಪ್ಪನ ಹೆಸರಿನ ಕೆಳಗಿನ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋದೆ. 2021ರ ಏಪ್ರಿಲ್ 27, ಕರ್ನಾಟಕದಲ್ಲಿ ಎರಡನೆಯ ಲಾಕ್‌ಡೌನ್ ಶುರುವಾದ ರಾತ್ರಿ, ಅದೇ ಧ್ವನಿಸಂದೇಶವನ್ನು ಅವರು ನನಗೊಬ್ಬಳಿಗೇ ಕಳಿಸಿದ್ದರು. ಕೆಳಗೆ ಬರೆದಿದ್ದರು: ‘ಇದು ಸರಿ ಕಾಣ್ತಿಲ್ಲ. ಬೇಸಿಗೆ ಒಣಹವೆಗೆ ಸ್ಟ್ಯಾಟಿಕ್ ಇರತ್ತೆ, ಅದಕ್ಕೆ ಶಾಕ್. ನೀನು ಏನಂತೀಯ? ಬಿಡುವಾದಾಗ ಹೇಳು.’ ಎರಡು ನೀಲಿ ಗೀಟುಗಳು. ನನ್ನ ಕಡೆಯಿಂದ ಒಂದಕ್ಷರವಿಲ್ಲ. ಆಗ ನಮ್ಮ ಮನೆಯಲ್ಲೂ ಇಬ್ಬರು ಮಲಗಿದ್ದರು, ಆಮ್ಲಜನಕದ ಹಾಸಿಗೆಗೆ ನಾನು ಊರೆಲ್ಲ ಫೋನ್ ಮಾಡುತ್ತಿದ್ದೆ. ಆ ನೆಪ ಸುಳ್ಳಲ್ಲ. ಆದರೆ ಬಿಡುವಾದ ಮೇಲೂ ನಾನು ಹೇಳಲಿಲ್ಲ. ಉತ್ತರ ಅವರಿಗೆ ಮುಕ್ಕಾಲು ಗೊತ್ತಿತ್ತು, ಎದುರು ಕೂತು ಮಾತಾಡುವವರು ಬೇಕಾಗಿದ್ದರು. ಅಂಥವರು ಸಿಕ್ಕಿದ್ದು ಟೆಲಿಗ್ರಾಂ ಆ್ಯಪ್‌ನ ಒಂದು ಗುಂಪಿನಲ್ಲಿ.

ಚುಕ್ಕಿಗಳನ್ನಷ್ಟೇ ಇಟ್ಟುಹೋದವರು

ಹೊರಗಿನ ಒಂದು ಉದಾಹರಣೆ ಇಲ್ಲದೆ ಇದು ಸ್ಪಷ್ಟವಾಗಲಾರದು. ಅಮೆರಿಕದ ಕ್ಯೂಅನಾನ್ ಎಂಬ ಪಿತೂರಿಯ ಚಳವಳಿ ಹುಟ್ಟಿದ್ದು 2017ರ ಅಕ್ಟೋಬರ್‌ನಲ್ಲಿ, 4ಚಾನ್ ಎಂಬ ಅನಾಮಧೇಯರ ತಾಣದಲ್ಲಿ. ‘ಕ್ಯೂ’ ಎಂದು ಕರೆದುಕೊಂಡ ಯಾರೋ ಒಬ್ಬರು, ತಾವು ಸರ್ಕಾರದ ಒಳಗಿನವರೆಂಬಂತೆ, ತುಂಡು ತುಂಡು ಸಾಲುಗಳನ್ನು ಬರೆದು ಹಾಕತೊಡಗಿದರು. ಹಿಲರಿ ಕ್ಲಿಂಟನ್ ಬಂಧನ ಇನ್ನೆರಡು ದಿನದಲ್ಲಿ ಎಂಬುದು ಮೊದಲ ಭವಿಷ್ಯ, ಅದು ಸುಳ್ಳಾಯಿತು. ಚಳವಳಿ ಬೆಳೆಯಿತು. ಏಕೆಂದರೆ ಕ್ಯೂ ಉತ್ತರ ಹೇಳುತ್ತಿದ್ದದ್ದು ಕಡಿಮೆ, ಪ್ರಶ್ನೆ ಕೇಳುತ್ತಿದ್ದದ್ದು ಹೆಚ್ಚು. ಆ ದಿನ ಆ ವಿಮಾನ ಎಲ್ಲಿತ್ತು? ಈ ಇಬ್ಬರು ಒಟ್ಟಿಗೆ ಕಂಡದ್ದು ಯಾವಾಗ? ಈ ತುಣುಕುಗಳಿಗೆ ಅನುಯಾಯಿಗಳು ರೊಟ್ಟಿಯ ಚೂರುಗಳೆಂದೂ, ಅವನ್ನು ಸೇರಿಸಿ ಅರ್ಥ ಕಟ್ಟುವ ತಮ್ಮನ್ನು ರೊಟ್ಟಿ ಸುಡುವವರೆಂದೂ ಹೆಸರಿಟ್ಟುಕೊಂಡಿದ್ದರು. ಹತ್ತಿರ ಹತ್ತಿರ ಐದು ಸಾವಿರ ಇಂಥ ಟಿಪ್ಪಣಿಗಳು ಬಂದವು.

ನನಗೆ ಇದನ್ನು ಓದುವಾಗ ನೆನಪಾಗುವುದು ಚುಕ್ಕಿ ರಂಗೋಲಿ. ಚುಕ್ಕಿ ಇಟ್ಟವರು ಹೊರಟುಹೋಗಿರುತ್ತಾರೆ. ಗೆರೆ ಎಳೆಯುವುದು ನಿಮ್ಮ ಕೈ. ಗೆರೆ ಕೂಡಿ ಕಮಲ ಮೂಡಿದಾಗ ಅದು ನಿಮ್ಮ ಕಮಲ. ಬೇರೆಯವರು ಬಂದು ಅದು ಕಮಲವಲ್ಲ ಎಂದರೆ, ಅವರು ಅಲ್ಲಗಳೆಯುತ್ತಿರುವುದು ಒಂದು ಸುದ್ದಿಯನ್ನಲ್ಲ, ಬೆಳಗಿನ ಚಳಿಯಲ್ಲಿ ಸೊಂಟ ಬಗ್ಗಿಸಿ ನೀವು ಮಾಡಿದ ಕೆಲಸವನ್ನು. ಹದಿನೈದಕ್ಕೆ ಎಂಟು ಚುಕ್ಕಿ ಇಟ್ಟವರಿಗೆ ಯಾವ ಹೂವು ಮೂಡುತ್ತದೆಂದು ಮೊದಲೇ ಗೊತ್ತಿತ್ತು ಎಂಬ ಸಂಶಯ ಆ ಹೊತ್ತಿನಲ್ಲಿ ಬರುವುದಿಲ್ಲ.

ಹಿಂದಿನ ಗಾಳಿಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ತೊಂಬತ್ತರ ದಶಕದಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವು. ಮುಂದಿನ ಹಬ್ಬದ ಸುಣ್ಣದಲ್ಲಿ ಅದು ಅಳಿಸಿಹೋಯಿತು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎಸ್‌ಎಂಎಸ್ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಬಡಿದು ಹೈದರಾಬಾದಿನ ತರುಣನೊಬ್ಬನನ್ನು ಕೊಂದರು. ಆ ವರ್ಷ ಅಂಥ ಭೀತಿ ಹರಡಿದ ವೀಡಿಯೊಗಳಲ್ಲಿ ಒಂದು ಕರಾಚಿಯ ಮಕ್ಕಳ ಸುರಕ್ಷತೆಯ ಜಾಗೃತಿಚಿತ್ರ. ಮಗುವನ್ನು ವಾಪಸ್ ತಂದುಬಿಡುವ ಅದರ ಕೊನೆಯನ್ನು ಯಾರೋ ಕತ್ತರಿಸಿದ್ದರು. ವದಂತಿ ಹೀಗೆ ಒಂದು ದಿನದಲ್ಲಿ ಹೊತ್ತಿ, ಕೊಂದು, ಆರುತ್ತದೆ. ಪಿತೂರಿಯ ಚಳವಳಿ ಆರುವುದಿಲ್ಲ, ಏಕೆಂದರೆ ಅದು ನಾಳೆಗೂ ಕೆಲಸ ಕೊಡುತ್ತದೆ. ನಿವೃತ್ತನಿಗೆ ಕೆಲಸ ಕೊಡುವವರು ಬೇರೆ ಯಾರಿದ್ದಾರೆ?

ಫಾಲ್ಟ್ ರಿಜಿಸ್ಟರ್

2021ರ ಪಿತೃಪಕ್ಷದಲ್ಲಿ ಅಜ್ಜಿಯ ತಿಥಿಗೆಂದು ತಿಪಟೂರಿಗೆ ಹೋಗಿದ್ದಾಗ, ಮನೆಯ ಗುಂಪು ಬಿಟ್ಟ ಮುನಿಸು ಇನ್ನೂ ಹಸಿಯಾಗಿದ್ದರೂ, ಊಟದ ನಂತರ ಚಿಕ್ಕಪ್ಪನೇ ನನ್ನನ್ನು ಕೋಣೆಗೆ ಕರೆದು ಒಂದು ಲಾಂಗ್ ನೋಟ್‌ಬುಕ್ ತೋರಿಸಿದರು. ಇನ್ನೂರು ಪುಟದ್ದು, ಮುಕ್ಕಾಲು ತುಂಬಿತ್ತು. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಐದು ಅಂಕಣ ಮಾಡಿದ್ದರು: ದಿನಾಂಕ, ದೂರು, ಎಲ್ಲಿಂದ ಬಂತು, ಪರೀಕ್ಷೆ, ಸರಿಯಾದ ದಿನ. ಎಕ್ಸ್‌ಚೇಂಜಿನಲ್ಲಿ ಅವರು ಬರೆಯುತ್ತಿದ್ದ ಫಾಲ್ಟ್ ರಿಜಿಸ್ಟರ್ ಕೂಡ ಹೀಗೇ ಇತ್ತು. ‘ದೂರು’ ಎಂಬಲ್ಲಿ ಲಸಿಕೆ, ಟವರ್, ಬಿಲ್ ಗೇಟ್ಸ್, ವುಹಾನ್. ಚೀನಾದಲ್ಲಿ 5ಜಿ ಸೇವೆ ಶುರುವಾದದ್ದು 2019ರ ನವೆಂಬರ್ 1, ರೋಗ ಕಾಣಿಸಿದ್ದು ಅದರ ಬೆನ್ನಿಗೆ ಎಂದು ದಿನಾಂಕ ಸಮೇತ ಬರೆದಿದ್ದರು. ದಿನಾಂಕ ಸರಿಯಾಗಿಯೇ ಇತ್ತು. ಮೊದಲ ಇಪ್ಪತ್ತು ಪುಟಗಳಲ್ಲಿ ‘ಪರೀಕ್ಷೆ’ಯ ಅಂಕಣದಲ್ಲಿ ಅವರ ದುಂಡು ಅಕ್ಷರದ ಟಿಪ್ಪಣಿಗಳಿದ್ದವು. ಆಮೇಲೆ ವಿರಳವಾದವು. ನಲವತ್ತನೆಯ ಪುಟದ ನಂತರ ಆ ಅಂಕಣ ಪೂರ್ತಿ ಖಾಲಿ. ದೂರುಗಳು ಮಾತ್ರ ಒಂದರ ಕೆಳಗೊಂದು ಬರುತ್ತಲೇ ಇದ್ದವು. ಕಂಬ ಹತ್ತಲು ಪುರುಸೊತ್ತೇ ಇಲ್ಲದಷ್ಟು ದೂರು.

ಟೆಲಿಗ್ರಾಂ ಗುಂಪಿನಲ್ಲಿ ಅವರನ್ನು ‘ಟೆಲಿಕಾಂ ಸರ್’ ಎಂದು ಕರೆಯುತ್ತಿದ್ದರು. ಐದೂವರೆಗೆ ಶುಭೋದಯ, ಆರಕ್ಕೆ ಮೊದಲ ಪ್ರಶ್ನೆ: ‘ಟೆಲಿಕಾಂ ಸರ್, ಇದಕ್ಕೆ ನಿಮ್ಮ ಅಭಿಪ್ರಾಯ?’ ಬಳ್ಳಾರಿಯ ಒಬ್ಬರು, ಹಾವೇರಿಯ ಒಬ್ಬ ನಿವೃತ್ತ ಮೇಷ್ಟರು, ದುಬೈಯಿಂದ ಒಬ್ಬ ಹುಡುಗ. ಅವರು ಫೋನ್ ತೋರಿಸುವಾಗ ನಾನು ನೋಡಿದ್ದು ವೀಡಿಯೊಗಳನ್ನಲ್ಲ, ಆ ‘ಸರ್’ ಎಂಬ ಪದವನ್ನು. ನಮ್ಮ ಮನೆಯ ಗುಂಪಿನಲ್ಲಿ ಅವರು ಏನು ಹಾಕಿದರೂ ಬೀಳುತ್ತಿದ್ದದ್ದು ಒಂದು ಕೈಮುಗಿದ ಚಿತ್ರ, ಅಥವಾ ಹಳದಿ ಮುಖ.

ಎಲ್ಲರನ್ನೂ ಅನುಮಾನಿಸುವ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಬಹಳ ಒಳ್ಳೆಯ ಕಡೆಯಿಂದ ಎಂಬುದು ಈ ಕತೆಯ ವಿಚಿತ್ರ. ಎಂಬತ್ತರ ದಶಕದಲ್ಲಿ ತರಬೇತಿಗೆಂದು ಬೆಂಗಳೂರಿನಲ್ಲಿದ್ದಾಗ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಹೋಗಿ ಅವರು ಎಚ್. ನರಸಿಂಹಯ್ಯನವರ ಮಾತು ಕೇಳುತ್ತಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ ಖಾದಿಯ ಆ ಭೌತವಿಜ್ಞಾನಿ, ಪ್ರಶ್ನಿಸದೆ ಏನನ್ನೂ ಒಪ್ಪಿಕೊಳ್ಳಬಾರದೆಂದು ಒಂದು ತಲೆಮಾರಿಗೆ ಕಲಿಸಿದವರು. ಚಿಕ್ಕಪ್ಪ ಇಂದಿಗೂ ಎಚ್ಚೆನ್ ಎಂದರೆ ಎದ್ದು ಕೂರುತ್ತಾರೆ. ಟೆಲಿಗ್ರಾಂ ಗುಂಪಿನ ಘೋಷವಾಕ್ಯವೂ ಹೆಚ್ಚುಕಡಿಮೆ ಅದೇ: ಪ್ರಶ್ನಿಸಿ, ನೀವೇ ಸಂಶೋಧಿಸಿ. ಮಾತು ಒಂದೇ, ಆದರೆ ಎಚ್ಚೆನ್ ಅವರ ಪ್ರಶ್ನೆಗೆ ಒಂದು ಕೊನೆಯಿತ್ತು. ಗಾಳಿಯಿಂದ ಬೂದಿ ತರುವ ಪವಾಡಪುರುಷರಿಗೆ ನಿಲುವಂಗಿಯ ತೋಳು ಮಡಚಿ ತೋರಿಸಿ ಎಂದರೆ ಒಂದೋ ಬೂದಿ ಬರಬೇಕು, ಇಲ್ಲವೇ ಬರಬಾರದು. ಗುಂಪಿನ ಪ್ರಶ್ನೆಗೆ ಸಿಕ್ಕ ಉತ್ತರವೆಲ್ಲ ಇನ್ನೊಂದು ಮುಚ್ಚಿಡುವಿಕೆಯ ಸಾಕ್ಷಿಯಾಗುತ್ತಿತ್ತು.

ಅನುಮಾನವೇ ತಪ್ಪೆಂದು ನಾನು ಅವರಿಗೆ ಹೇಳುವಂತಿರಲಿಲ್ಲ. ‘ಚಾಮರಾಜನಗರದ್ದು ಏನಮ್ಮ ಹಾಗಾದ್ರೆ?’ ಎಂದು ಅವರು ಕೇಳಿದಾಗ ನನ್ನ ಬಾಯಿ ಕಟ್ಟಿತು. ಆ ಮೇ ತಿಂಗಳ 2 ಮತ್ತು 3ರ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂಬ ಮಾತು ಮೊದಲು ಸರ್ಕಾರದ ಕಡೆಯಿಂದ ಬಂತು. ಹೈಕೋರ್ಟ್ ನೇಮಿಸಿದ ಸಮಿತಿ ಕಂಡದ್ದು ಬೇರೆ. ಮುಚ್ಚಿಡುವುದು ಎಂಬುದು ಇದೆ. ಆದರೆ ಅಲ್ಲಿ ಕೊಂದದ್ದು ಬರಿದಾದ ಸಿಲಿಂಡರ್, ಸಿಲಿಂಡರ್ ಕಳಿಸುವುದು ಯಾರ ಹೊಣೆಯೆಂಬ ಗೊಂದಲ, ಆಮೇಲೆ ಲೆಕ್ಕ ತಪ್ಪಿಸಲು ನೋಡಿದ ಅಂಜಿಕೆ. ಅದೆಲ್ಲ ಕಿಲುಬು. ಚಿಕ್ಕಪ್ಪನಿಗೆ ಅದನ್ನು ಅವರ ಮಾತಿನಲ್ಲೇ ಹೇಳಬೇಕೆಂದು ನನಗೆ ಅಂದು ಹೊಳೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಏನು ಹೇಳಿದೆ ಎಂದು ಶುರುಮಾಡಿದೆ. ಅವರು ನೋಟ್‌ಬುಕ್ ಮುಚ್ಚಿದರು.

ಅಡುಗೆಮನೆಯಲ್ಲಿ ಚಿಕ್ಕಮ್ಮ ಸಾಸಿವೆ ಡಬ್ಬಿಯ ತಳದಿಂದ ಮಡಚಿದ ಚೀಟಿಯೊಂದನ್ನು ತೆಗೆದು ತೋರಿಸಿದರು. ಹೂವು ತರಲು ಹೋಗುತ್ತೇನೆಂದು ಹೇಳಿ ಲಸಿಕೆ ಹಾಕಿಸಿಕೊಂಡು ಬಂದಿದ್ದರು. ರಾತ್ರಿ ಜ್ವರ ಬಂದಾಗ ಮಳೆಯಲ್ಲಿ ನೆನೆದದ್ದಕ್ಕೆ ಎಂದಿದ್ದರು. ‘ಅವ್ರಿಗೆ ಹೇಳ್ಬೇಡ. ಎರಡನೇದೂ ಆಗೋಗ್ಲಿ.’

ಮೈಕ್ರೋವೇವ್ ಡ್ರಮ್

ಚಿಕ್ಕಪ್ಪ ಆ ಟೆಲಿಗ್ರಾಂ ಗುಂಪಿನಿಂದ ಹೊರಬಂದದ್ದು ನನ್ನ ವಾದದಿಂದಲ್ಲ. 2022ರ ಡಿಸೆಂಬರ್, 5ಜಿ ನಿಜವಾಗಿಯೂ ಬಂದಿದ್ದ ಕಾಲ. ಯಾವುದೋ ಊರಿನ ಟವರಿನ ಫೋಟೊ ಒಂದನ್ನು ಗುಂಪಿಗೆ ಹಾಕಿ, ಅದರ ಮೇಲಿನ ದುಂಡಗಿನ ಬಿಳಿ ಪೆಟ್ಟಿಗೆಯೇ ಕೊಲ್ಲುವ ಯಂತ್ರವೆಂದೂ, ತಜ್ಞರಾಗಿ ಟೆಲಿಕಾಂ ಸರ್ ಅದನ್ನು ದೃಢಪಡಿಸಿ ಕನ್ನಡದಲ್ಲೊಂದು ಧ್ವನಿಸಂದೇಶ ಮಾಡಿಕೊಡಬೇಕೆಂದೂ ಗುಂಪಿನ ಮುಖ್ಯಸ್ಥರು ಕೇಳಿದರು. ಚಿಕ್ಕಪ್ಪ ಫೋಟೊ ಹಿಗ್ಗಿಸಿ ನೋಡಿದರು. ಅದು ಒಂದು ಟವರಿನಿಂದ ಇನ್ನೊಂದಕ್ಕೆ ಸಂಪರ್ಕ ಕೊಡುವ ಮೈಕ್ರೋವೇವ್ ಡ್ರಮ್. ತಮ್ಮ ಸರ್ವಿಸಿನ ಕಾಲದಿಂದ ಇದೆ, 5ಜಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದರು. ಅಷ್ಟು ವರ್ಷ ತಿಂದ ಅನ್ನ ಅದು, ಡ್ರಮ್ಮನ್ನು ಡ್ರಮ್ ಅಲ್ಲ ಎನ್ನಲು ಅವರಿಂದಾಗಲಿಲ್ಲ. ‘ಎಷ್ಟಕ್ಕೆ ಮಾರಿಕೊಂಡ್ರಿ ಸರ್?’ ಎಂದು ದುಬೈಯ ಹುಡುಗ ಕೇಳಿದ. ಅರ್ಧ ಗಂಟೆಯಲ್ಲಿ ಅವರನ್ನು ಗುಂಪಿನಿಂದ ತೆಗೆದುಹಾಕಿದರು.

ಇದನ್ನು ಕೇಳಿ ನಾವೆಲ್ಲ ಒಳಗೊಳಗೇ ಹಿಗ್ಗಿದೆವು, ಚಿಕ್ಕಮ್ಮ ಒಬ್ಬರನ್ನು ಬಿಟ್ಟು. ಎರಡು ತಿಂಗಳು ಚಿಕ್ಕಪ್ಪ ಸರಿಯಾಗಿ ಊಟ ಮಾಡಲಿಲ್ಲವಂತೆ. ಲಸಿಕೆಯ ಬಗೆಗಿನ ಅವರ ಅನುಮಾನ ಇಂದಿಗೂ ಹೋಗಿಲ್ಲ, ಹಾಕಿಸಿಕೊಳ್ಳಲೂ ಇಲ್ಲ. ನಮ್ಮ ಮನೆಯ ಗುಂಪಿಗೆ ತಮ್ಮ ಮತ್ತೆ ಸೇರಿಸಿದ. ಬಂದರು, ಆದರೆ ಏನನ್ನೂ ಬರೆಯುವುದಿಲ್ಲ.

ಕಳೆದ ತಿಂಗಳು ಅಲ್ಲಿ ಎರಡು ದಿನ ಇದ್ದೆ. ಆ ನೋಟ್‌ಬುಕ್ಕಿನ ಉಳಿದ ಪುಟಗಳಲ್ಲಿ ಈಗ ತೆಂಗಿನಕಾಯಿಯ ಲೆಕ್ಕವಿದೆ, ಅದೇ ಕೆಂಪು ಗೀಟಿನ ಅಂಕಣಗಳಲ್ಲಿ. ಬೆಳಿಗ್ಗೆ ಐದೂವರೆಗೆ ಅವರ ಫೋನ್ ರಿಂಗಾಯಿತು. ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಯಾರದೋ ಮಗನ ಮದುವೆ, ಯಾರದೋ ಮಂಡಿನೋವು. ಕಾಫಿಗೆ ಬಂದಾಗ ಯಾರೆಂದು ಕೇಳಿದೆ.

‘ಬಳ್ಳಾರಿಯವರು. ಆ ಗುಂಪಲ್ಲಿದ್ರಲ್ಲ.’

‘ಅವ್ರು ಇನ್ನೂ ಟವರ್ ವಿಷಯ ಹೇಳ್ತಾರಾ ಚಿಕ್ಕಪ್ಪ?’

‘ಹೇಳ್ತಾರೆ. ನಾನು ಹೂಂ ಅಂತೀನಿ’ ಎಂದು ಲೋಟದ ಮೇಲಿನ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ‘ಐದೂವರೆಗೆ ಇನ್ಯಾರು ಫೋನ್ ಮಾಡ್ತಾರೆ, ನೀನು ಮಾಡ್ತೀಯಾ?’